ಮೂಗಣ್ಣನ ಮೂಗು ಮತ್ತು ನನ್ನ ನೇರಳೆ ಬಣ್ಣ

ಮೂಗಣ್ಣನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಇಲಾಖೆಯವರು ಕೇಳಿದ್ದಾರೆ. ಅವನು ತೀರಿಕೊಂಡು ಒಂದು ತಿಂಗಳಾಯಿತು. ಅವನ ಜೊತೆ ಹದಿನಾರು ವರ್ಷ ಒಂದೇ ಕೋಣೆಯಲ್ಲಿ ಕೂತವನು ನಾನಾದ್ದರಿಂದ ಈ ಕೆಲಸ ನನ್ನ ತಲೆಗೆ ಬಿದ್ದಿದೆ. ಬರೆಯುತ್ತೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ಆ ಮನುಷ್ಯನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಈಗಲೂ ಪೂರ್ತಿ ಆರಿದೆ ಎಂದು ಎದೆ ಮುಟ್ಟಿ ಹೇಳಲಾರೆ.

ಅಫೀಮು ಸರ್ಕಾರದ ಅಂಗಡಿಯಲ್ಲೇ ಸಿಗುತ್ತಿದ್ದ ಕಾಲವೊಂದಿತ್ತು. ಎಲ್ಲರಿಗೂ ಅಲ್ಲ, ಚಟ ಹತ್ತಿದ ಹಳೆಯ ಮುದುಕರಿಗೆ, ವೈದ್ಯರ ಸಹಿ ಇದ್ದ ಕಾರ್ಡಿನ ಮೇಲೆ, ದಿನಕ್ಕೆ ಇಷ್ಟೇ ಎಂದು. ಹೊಸ ಕಾರ್ಡು ಯಾರಿಗೂ ಇಲ್ಲ. ಇದ್ದವರು ಸಾಯುತ್ತ ಹೋದರೆ ಚಟವೂ ಅವರ ಜೊತೆ ಹೋಗುತ್ತದೆ ಎಂಬುದು ಸರ್ಕಾರದ ಲೆಕ್ಕಾಚಾರ. ಅಂಥದ್ದೊಂದು ಅಂಗಡಿಯಲ್ಲಿ ಮೂಗಣ್ಣ ತೂಕದವನಾಗಿದ್ದ. ಕಂಬಿ ಹಾಕಿದ ಸಣ್ಣ ಕಿಟಕಿ, ಅದರ ಹಿಂದೆ ಹಿತ್ತಾಳೆ ತಕ್ಕಡಿ, ಕೊಂಬಿನ ಚಮಚ. ಕಾರ್ಡಿನವರು ಸತ್ತರೆ ಮನೆಯವರು ಕಾರ್ಡು ತಂದು ಕೊಡುತ್ತಿದ್ದರು, ಇವನು ಕತ್ತರಿಯಲ್ಲಿ ಅದರ ಮೂಲೆ ಕತ್ತರಿಸಿ ಪೆಟ್ಟಿಗೆಗೆ ಹಾಕುತ್ತಿದ್ದ. ಅವನು ಸೇರಿದಾಗ ಮುನ್ನೂರಕ್ಕೂ ಹೆಚ್ಚು ಕಾರ್ಡುಗಳಿದ್ದವು, ಕೊನೆಗೆ ಹತ್ತೊಂಬತ್ತು. ಅಷ್ಟರಲ್ಲಿ ಹೊಸ ಕಾನೂನು ಬಂತು, ಅಂಗಡಿಯ ಬಾಗಿಲಿಗೆ ಅರಗಿನ ಮುದ್ರೆ ಬಿತ್ತು.

ಕಾನೂನು ಬಂದರೂ ಅದನ್ನು ಜಾರಿ ಮಾಡಬೇಕಾದ ನಮ್ಮ ಇಲಾಖೆಯಲ್ಲಿ ಅಫೀಮನ್ನು ಕಣ್ಣಾರೆ ಕಂಡವರೇ ಇರಲಿಲ್ಲ. ದಾಳಿಗೆ ಹೋದವರು ಡಾಂಬರು ಉಂಡೆ ಹಿಡಿದು ತಂದದ್ದೂ ಉಂಟು. ಆಗ ಯಾರಿಗೋ ಹೊಳೆಯಿತು, ತೂಕದವನನ್ನೇ ಕರೆಸೋಣ ಎಂದು. ಬಂದ, ಉಂಡೆಯನ್ನು ಮೂಗಿನ ಹತ್ತಿರ ಹಿಡಿದ, "ಇದು ಎರಡು ವರ್ಷದ್ದು ಸಾರ್, ಕಾಲು ಭಾಗ ಅಂಟು ಬೆರೆಸಿದಾರೆ" ಎಂದ. ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿ ನೋಡಿದರೆ ಅಕ್ಷರಶಃ ಅಷ್ಟೇ! ಅಂದಿನಿಂದ ಅವನು ಮೂಗಣ್ಣ. ಅವನ ನಿಜವಾದ ಹೆಸರು ಸಂಬಳದ ಗುಮಾಸ್ತನಿಗೆ ಬಿಟ್ಟರೆ ಯಾರಿಗೂ ಬೇಕಾಗಲಿಲ್ಲ.

ನಾನು ರಸಾಯನಶಾಸ್ತ್ರ ಓದಿ ಬಂದವನು. ಪರೀಕ್ಷಾ ಕೋಣೆಯ ಬಾಗಿಲ ಮೇಲಿದ್ದ ಫಲಕ ನನ್ನದು, ಒಳಗಿನ ಆಮ್ಲದ ಬಾಟಲಿಗಳು ನನ್ನವು, ವರದಿಯ ಕೆಳಗಿನ ಸಹಿಯೂ ನನ್ನದೇ. ಆದರೂ ದಾಳಿಯಿಂದ ಬಂದ ಅಧಿಕಾರಿಗಳು ನನ್ನ ಮೇಜು ದಾಟಿ, ಮೂಲೆಯ ಸ್ಟೂಲಿನ ಮೇಲೆ ಕೂತ ಅವನ ಮುಂದೆ ಪೊಟ್ಟಣ ಬಿಚ್ಚುತ್ತಿದ್ದರು. ಅವನು ಹೇಳಿದ ಮೇಲೆ ನನ್ನ ಕಡೆ ತಿರುಗಿ, "ನೀವೂ ಒಂದ್ಸಲ ನೋಡ್ಬಿಡಿ" ಎನ್ನುತ್ತಿದ್ದರು. ಆ 'ನೀವೂ' ಇದೆಯಲ್ಲ, ಅದು ಒಂಬತ್ತು ವರ್ಷ ನನ್ನ ಕಿವಿಯಲ್ಲಿ ಸೂಜಿಯ ಹಾಗೆ ಚುಚ್ಚಿತು. ಮನೆಗೆ ಹೋಗಿ ಹೆಂಡತಿಯ ಮುಂದೆ ಕಾರಿಕೊಂಡರೆ ಅವಳು, "ಪಾಪ, ಆ ಮನುಷ್ಯ ನಿಮಗೇನು ಮಾಡಿದಾನೆ?" ಎಂದಳು. ಏನೂ ಮಾಡಿರಲಿಲ್ಲ. ಅದೇ ಇನ್ನೂ ದೊಡ್ಡ ಸಂಕಟ. ದಿನಾ ನನಗಿಂತ ಮೊದಲು ಬಂದು ನನ್ನ ಗಾಜಿನ ನಳಿಕೆಗಳ ಧೂಳು ಒರೆಸಿಡುತ್ತಿದ್ದ. ಅಂಥವನ ಮೇಲೆ ಕಿಡಿಕಾರುವುದು ಎಷ್ಟು ಕಷ್ಟ ಎಂದು ನನ್ನನ್ನು ಕೇಳಿ.

ಒಂಬತ್ತನೆಯ ವರ್ಷ ಒಂದು ಬೆಳಿಗ್ಗೆ, ಕೀಲು ನೋವಿನ ಮುಲಾಮು ಮಾರುವ ಹೆಂಗಸೊಬ್ಬಳನ್ನು ಹಿಡಿದು ತಂದರು. ಅವಳ ತಗಡಿನ ಡಬ್ಬಿಯಲ್ಲಿ ಕಪ್ಪು ಉಂಡೆಗಳಿದ್ದವು. ಜೊತೆಗೆ ಕಣ್ಣು ಕಾಣದ ಗಂಡ, ಅವಳ ಸೆರಗು ಹಿಡಿದೇ ಬಂದಿದ್ದ. ಮೂಗಣ್ಣ ಮೂಸಿ, "ಇದರಲ್ಲಿ ಅಫೀಮಿಲ್ಲ ಸಾರ್. ಬರೀ ಅಂಟು, ಎಣ್ಣೆ, ಯಾವ್ದೋ ಬೇರು" ಎಂದ. ಅಧಿಕಾರಿ ಅದನ್ನು ಬರೆದುಕೊಂಡು, ಎಂದಿನಂತೆ ನನ್ನ ಕಡೆ ತಿರುಗಿದ: "ನೀವೂ ಒಂದ್ಸಲ..."

ಉಂಡೆಯ ಚೂರನ್ನು ಪಿಂಗಾಣಿಯ ಖಲ್ಲಿನಲ್ಲಿ, ಅದೇ ಔಷಧಿ ಅರೆಯುವ ಪುಟ್ಟ ಒರಳಿನಲ್ಲಿ, ಅರೆದೆ, ಬಿಳಿ ತಟ್ಟೆಗೆ ಹಾಕಿ ಆಮ್ಲದ ಹನಿ ಬಿಟ್ಟೆ. ನೇರಳೆ! ಅಫೀಮಿದ್ದರೆ ಬರುವ ಅದೇ ನೇರಳೆ. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಬಿಳಿ ತಟ್ಟೆಯನ್ನು ಎತ್ತಿ ಎಲ್ಲರಿಗೂ ತೋರಿಸಿದೆ, ಮೂಗಣ್ಣನಿಗೆ ಸ್ವಲ್ಪ ಹೆಚ್ಚು ಹೊತ್ತೇ ತೋರಿಸಿದೆ. ಅವನು ಬಣ್ಣ ನೋಡಿದ, ಉಂಡೆಯನ್ನು ಮತ್ತೆ ಮೂಸಿದ, ಸ್ಟೂಲಿಗೆ ಹೋಗಿ ಕೂತ. ಹೆಂಗಸನ್ನು ಜೈಲಿಗೆ ಕಳಿಸಿದರು. ಗಂಡನನ್ನು ಯಾರೋ ಕೈ ಹಿಡಿದು ಬೀದಿಯವರೆಗೆ ಬಿಟ್ಟು ಬಂದರು.

ಆಮೇಲಿನ ದಿನಗಳು ನನ್ನವು. ಪೊಟ್ಟಣಗಳು ನೇರವಾಗಿ ನನ್ನ ಮೇಜಿಗೆ ಬರತೊಡಗಿದವು. ಮೂಗಣ್ಣ ಮೂಲೆಯಲ್ಲಿ ಕೂತು ಸೋಪು ಮೂಸುತ್ತಿದ್ದ, ಮಸಿ ಮೂಸುತ್ತಿದ್ದ, ತನ್ನ ಅಂಗಿಯ ತೋಳನ್ನೇ ಮೂಸಿ ನೋಡುತ್ತಿದ್ದ. ನಾನು ನೋಡಿಯೂ ನೋಡದವನಂತೆ ಒಳಗೊಳಗೇ ನಗುತ್ತಿದ್ದೆ.

ಎರಡು ವಾರದ ಮೇಲೆ ಬೇರೆಯೊಂದು ಮಾದರಿಗೆ ಮೊದಲು ಖಾಲಿ ಪರೀಕ್ಷೆ ಮಾಡಿದೆ. ಅಂದರೆ ಖಲ್ಲಿನಲ್ಲಿ ಮಾದರಿ ಹಾಕದೆ, ಬರೀ ತೊಳೆದ ಮರಳು ಅರೆದು ಹನಿ ಬಿಡುವುದು. ಬಣ್ಣ ಬರಬಾರದು. ತೆಳುವಾಗಿ ನೇರಳೆ ಬಂತು. ಖಲ್ಲನ್ನು ಬೆಳಕಿಗೆ ಹಿಡಿದರೆ ತಳದಲ್ಲಿ ಕೂದಲೆಳೆಯಂಥ ಬಿರುಕು, ಅದರ ಉದ್ದಕ್ಕೂ ಕಂದು ಗೆರೆ. ಮುಲಾಮಿನವಳು ಬರುವ ಹಿಂದಿನ ದಿನ ಅದೇ ಖಲ್ಲಿನಲ್ಲಿ ನಿಜವಾದ ಅಫೀಮು ಅರೆದಿದ್ದೆ. ಪ್ರತಿ ಮಾದರಿಗೂ ಮೊದಲು ಖಾಲಿ ಪರೀಕ್ಷೆ ಆಗಲೇಬೇಕೆಂಬ ನಿಯಮವನ್ನು ನಾನೇ ಗೋಡೆಗೆ ಅಂಟಿಸಿದ್ದೆ. ಅವತ್ತು ಮಾಡಿರಲಿಲ್ಲ. ಮೂಗಣ್ಣನ ಮಾತನ್ನು ಸುಳ್ಳು ಮಾಡುವ ಆತುರದಲ್ಲಿ ಖಲ್ಲು ತೊಳೆಯಲೂ ಇಲ್ಲ.

ಹೊಸ ಖಲ್ಲು ತರಿಸಿ, ಉಳಿದಿದ್ದ ಮುಲಾಮಿನ ಚೂರನ್ನು ಪರೀಕ್ಷಿಸಿದೆ. ಬಣ್ಣವೇ ಬರಲಿಲ್ಲ. ಬರೀ ಅಂಟು, ಎಣ್ಣೆ, ಯಾವುದೋ ಬೇರು.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ನಾಳೆ ಹೇಳೋಣ ಎಂದುಕೊಂಡೇ ಮೂರು ತಿಂಗಳು ಕಳೆದೆ. ಆ ಮೂರು ತಿಂಗಳು ಅವಳು ಜೈಲಿನಲ್ಲಿದ್ದಳು, ಅವಳ ಗಂಡ ದಿನಾ ನಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ನಾನು ಹಿಂದಿನ ಬಾಗಿಲಿನಿಂದ ಓಡಾಡುವುದನ್ನು ಅಭ್ಯಾಸ ಮಾಡಿಕೊಂಡೆ. ಇಷ್ಟು ಬರೆಯುವಾಗಲೇ ನನಗೆ ನನ್ನ ಮೇಲೆ ಅಸಹ್ಯವಾಗುತ್ತಿದೆ.

ಕೊನೆಗೆ ವಿಚಾರಣೆಯ ದಿನ ಬಂತು. ಅಧಿಕಾರಿಯ ಟಿಪ್ಪಣಿಯಲ್ಲಿ ಮೂಗಣ್ಣನ ಮೊದಲ ಮಾತನ್ನು ಓದಿದ್ದ ಅವಳ ವಕೀಲ ಅವನನ್ನೇ ಸಾಕ್ಷಿಗೆ ಕರೆಸಿದ್ದ. ನನ್ನ ಸರದಿ ಅವನ ನಂತರ. ಹೊರಗೆ, ತೆರೆದ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತಿದ್ದೆ. ಒಳಗಿನ ಪ್ರತಿ ಮಾತೂ ಕೇಳುತ್ತಿತ್ತು.

"ಇದರಲ್ಲಿ ಅಫೀಮಿಲ್ಲ ಅಂತ ನೀವು ಹೇಳಿದ್ರಿ, ಅಲ್ವಾ?" ಎಂದ ವಕೀಲ.

"ಹೇಳಿದ್ದೆ ಸ್ವಾಮಿ."

"ಈಗ್ಲೂ ಅದೇ ಮಾತಾ?"

ಮೂಗಣ್ಣನ ದನಿ ತಗ್ಗಿತು: "ಇಲ್ಲ ಸ್ವಾಮಿ, ತಪ್ಪಾಗಿ ಹೇಳ್ಬಿಟ್ಟಿದ್ದೆ. ನಮ್ಮ ಸಾರ್ ಪರೀಕ್ಷೆಲಿ ಬಣ್ಣ ಬಂತು. ಅವರು ಓದಿದೋರು, ಅವರದ್ದು ತಪ್ಪಾಗಲ್ಲ. ನನ್ನ ಮೂಗು ಮಂಕಾಗಿದೆ."

ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮಾತು ಕಿವಿಗೆ ಬಿದ್ದಾಗ ಮೊದಲು ಆದದ್ದು ಖುಷಿಯೇ. ತುಂಬಿದ ನ್ಯಾಯಾಲಯದಲ್ಲಿ, ಅವನ ಬಾಯಿಂದಲೇ! ಆಮೇಲೆ ಆ ಹೆಂಗಸು ಕೇಳಿದ್ದು ಕೇಳಿಸಿತು: "ಅಣ್ಣಾ, ನೀನೂ ಹೀಗಂದ್ರೆ ನನ್ನ ಪರ ಯಾರಿದಾರೆ?" ಕರೆಯುವ ಮೊದಲೇ ಒಳಗೆ ಹೋದೆ. ಖಲ್ಲು, ಬಿರುಕು, ಮಾಡದ ಖಾಲಿ ಪರೀಕ್ಷೆ, ಮೂರು ತಿಂಗಳ ಮೌನ, ಎಲ್ಲವನ್ನೂ ಹೇಳಿದೆ. ಯಾಕೆ ಎಂಬುದೊಂದನ್ನು ಬಿಟ್ಟು.

ಅವಳು ಅಂದೇ ಬಿಡುಗಡೆಯಾದಳು. ನನಗೆ ಛೀಮಾರಿಯ ಪತ್ರ ಬಂತು. ಒಬ್ಬಿಬ್ಬರು ಸಹೋದ್ಯೋಗಿಗಳು ನನ್ನನ್ನು ಪ್ರಾಮಾಣಿಕ ಎಂದು ಹೊಗಳಿದಾಗ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಎನಿಸಿತು. ಮೂಗಣ್ಣನ ಹತ್ತಿರ ಹೋಗಿ, "ನಿನ್ನ ಮೂಗು ಸರಿಯಾಗೇ ಇತ್ತಪ್ಪ, ತಪ್ಪು ನನ್ನದು" ಎಂದೆ. "ಇರ್ಲಿ ಬಿಡಿ ಸಾರ್" ಎಂದು ಅವನು ನಳಿಕೆ ಒರೆಸುವುದನ್ನು ಮುಂದುವರಿಸಿದ.

ಮರುವಾರ ದಾಳಿಯ ಅಧಿಕಾರಿ ಹೊಸ ಪೊಟ್ಟಣ ತಂದ. ಹಿಂದಿನಂತೆಯೇ ನನ್ನ ಮೇಜು ದಾಟಿ ಮೂಲೆಗೆ ಹೋದ. ದೇವರಾಣೆ, ಅವತ್ತು ಅವನು ಹಾಗೆ ದಾಟಿ ಹೋಗಲಿ ಎಂದು ನಾನೇ ಬೇಡಿಕೊಂಡಿದ್ದೆ. ಮೂಗಣ್ಣ ಉಂಡೆಯನ್ನು ಎತ್ತಿಕೊಂಡ. ಕಣ್ಣು ಮುಚ್ಚಿ ಮೂಸಿದ. ಉತ್ತರ ಅವನಿಗೆ ಸಿಕ್ಕಿತೆಂದು ಒಂಬತ್ತು ವರ್ಷ ಆ ಮುಖವನ್ನೇ ಉರಿಗಣ್ಣಿನಿಂದ ನೋಡಿದ್ದ ನನಗೆ ಗೊತ್ತಾಯಿತು. ಅವನು ಬಾಯಿ ತೆರೆದ, ಮುಚ್ಚಿದ, ಉಂಡೆಯನ್ನು ತಂದು ನನ್ನ ಮೇಜಿನ ಮೇಲಿಟ್ಟ.

"ಮೊದ್ಲು ನೀವು ನೋಡಿ ಸಾರ್. ನೀವು ಹೇಳಿದ್ಮೇಲೆ ನಾನು ಹೇಳ್ತೀನಿ."

ಅವನು ನಿವೃತ್ತನಾಗುವವರೆಗೂ, ಉಳಿದ ಏಳು ವರ್ಷವೂ, ಹಾಗೆಯೇ ನಡೆಯಿತು.