ಬಾಲಿಗಂಜಿನ ಜಪಾನಿ ಅಡುಗೆಮನೆ

ಎಪ್ಪತ್ತರ ದಶಕದ ಮೊದಲ ವರ್ಷಗಳವು. ನನ್ನ ಗಂಡ ಬಂಗಾಳದ ಗಾರ್ಡನ್ ರೀಚ್‌ನಲ್ಲಿ ಹಡಗು ಕಟ್ಟುವ ಕೆಲಸದಲ್ಲಿದ್ದರು. ಅವರನ್ನು ತರಬೇತಿಗೆ ಜಪಾನಿಗೆ ಕಳಿಸುವ ಮಾತು ನಡೆದಿತ್ತು. ಜೊತೆಗೆ ನಾನೂ ಹೋಗಬಹುದಿತ್ತು. ಉಡುಪಿ ಕಡೆಯ, ಈರುಳ್ಳಿಯನ್ನೂ ಒಳಗೆ ತರದ ಮನೆಯಲ್ಲಿ ಬೆಳೆದವಳು ಅಲ್ಲಿ ಹೋಗಿ ಏನು ತಿನ್ನುವುದು ಎಂಬುದೇ ನನಗೆ ಚಿಂತೆ. ಅದೇ ಊರಿನ ಬಾಲಿಗಂಜ್‌ನಲ್ಲಿ ಒಬ್ಬ ಜಪಾನಿ ಹೆಂಗಸು ಶನಿವಾರ ಮಧ್ಯಾಹ್ನ ಅಡುಗೆ ಕಲಿಸುತ್ತಾರೆಂದು ಗಂಡನ ಮೇಲಧಿಕಾರಿಯ ಹೆಂಡತಿ ಹೇಳಿದರು.

ಆಕೆ ಬಂಗಾಳಿ ದಂತವೈದ್ಯರೊಬ್ಬರ ಹೆಂಡತಿ. ಓದಲು ಜಪಾನಿಗೆ ಹೋಗಿದ್ದ ಅವರನ್ನು ಮದುವೆಯಾಗಿ ಬಂದವರು. ಹತ್ತಿಯ ಸೀರೆ ಉಟ್ಟು, ನೀರು ಕುಡಿದಷ್ಟು ಸಲೀಸಾಗಿ ಬಂಗಾಳಿ ಮಾತಾಡುತ್ತಿದ್ದರು. ಕಲಿಯಲು ಹೋಗುತ್ತಿದ್ದ ನಾವು ನಾಲ್ವರೂ ಅವರನ್ನು ಬಂಗಾಳಿಗಳ ಹಾಗೆ ಮಾಶಿಮಾ ಎಂದು ಕರೆಯುತ್ತಿದ್ದೆವು, ಚಿಕ್ಕಮ್ಮ ಅನ್ನುವ ಹಾಗೆ.

ಮೊದಲ ದಿನ ಒಣಮೀನಿನ ಸಾರು ಕುದಿಯತೊಡಗಿದಾಗ ನಾನು ಕಿಟಕಿಯ ಬಳಿ ಹೋಗಿ ನಿಂತೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

"ನಮ್ಮ ಕಡೆ ದೇವಸ್ಥಾನದ ಸನ್ಯಾಸಿಗಳೂ ನಿನ್ನ ಹಾಗೇ. ಮೀನಿಲ್ಲ, ಮಾಂಸವಿಲ್ಲ, ಬೆಳ್ಳುಳ್ಳಿ ಕೂಡ ಇಲ್ಲ. ನಿನಗೆ ಅವರ ಅಡುಗೆ ಕಲಿಸುತ್ತೇನೆ."

ಹಾಗೆ ಉಳಿದವರು ಮೀನು ಹೆಚ್ಚುವಾಗ ನಾನೊಬ್ಬಳೇ ಮೂಲೆಯ ಒಲೆಯ ಮುಂದೆ ಒಣಗಿದ ಅಣಬೆಯ ಸಾರು ಮಾಡುತ್ತಿದ್ದೆ. ಕುಂಬಳಕಾಯಿಯ ಹೋಳು ಒಂದು ದೊಡ್ಡದು ಒಂದು ಸಣ್ಣದಾದರೆ ಮಾಶಿಮಾ ಎಲ್ಲವನ್ನೂ ಪಕ್ಕಕ್ಕೆ ಸರಿಸಿ ಹೊಸ ತುಂಡು ಕೊಡುತ್ತಿದ್ದರು.

ಅವರಿಗೆ ಕಾಲೇಜಿಗೆ ಹೋಗುವ ಒಬ್ಬನೇ ಮಗ. ಬಾಗಿಲು ತೆರೆಯುವಾಗ ತಲೆ ತಗ್ಗಿಸಿ ನಕ್ಕು ಒಳಗೆ ಹೋಗಿಬಿಡುತ್ತಿದ್ದ. ಊರು ಆಗ ಕೆಟ್ಟಿತ್ತು. ಗೋಡೆಗಳ ತುಂಬ ನಕ್ಸಲರ ಕೆಂಪು ಬರಹ, ಗಲ್ಲಿಗಳಲ್ಲಿ ಬಾಂಬಿನ ಸದ್ದು, ಬೆಳಗಾದರೆ ಎಲ್ಲೋ ಒಂದು ಹೆಣ. ಮಗ ಕಾಣದಾದ. ಕೇಳಿದರೆ, "ದೊಡ್ಡಪ್ಪನ ಮನೆಯಲ್ಲಿದ್ದಾನೆ" ಎನ್ನುತ್ತಿದ್ದರು. ಒಂದು ಶನಿವಾರ ಹೋದಾಗ ಮನೆಯೆಲ್ಲ ಬುಡಮೇಲಾಗಿತ್ತು. ಪೊಲೀಸರು ಬಂದು ಹುಡುಕಿ ಹೋಗಿದ್ದರು. ಡಬ್ಬಿಯ ಅಣಬೆ ನೆಲದ ಮೇಲೆ ಚೆಲ್ಲಿತ್ತು. ಅವರು ಕುಳಿತು ಒಂದೊಂದನ್ನೇ ಒರೆಸಿ ಡಬ್ಬಿಗೆ ಹಾಕುತ್ತಿದ್ದರು.

ಅದಾಗಿ ಕೆಲವೇ ದಿನಕ್ಕೆ ಹುಡುಗನ ಹೆಣ ಊರಾಚೆ ಕಾಲುವೆಯ ಬಳಿ ಸಿಕ್ಕಿತು. ಕೊಂದವರು ಯಾರೆಂದು ಯಾರೂ ಹೇಳಲಿಲ್ಲ. ಅಡುಗೆಯ ತರಗತಿ ನಿಂತಿತು.

ಒಂದು ದಿನ ನಮ್ಮ ಕೆಳಮನೆಯವರ ಫೋನಿಗೆ ಮಾಶಿಮಾ ಕರೆ ಮಾಡಿದರು.

"ಶನಿವಾರ ಬಾ. ಅವನು ಹೋಗಿ ಏಳು ವಾರ ತುಂಬುತ್ತದೆ, ನಮ್ಮಲ್ಲಿ ಸತ್ತವರಿಗೆ ಅದು ದೊಡ್ಡ ದಿನ. ನಮ್ಮ ಪದ್ಧತಿಯ ಪೂರ್ತಿ ಊಟ ಮಾಡಬೇಕು, ನಿನಗೆ ಕಲಿಸಿದ ಊಟ. ಒಬ್ಬಳ ಕೈಲಿ ಆಗುವುದಿಲ್ಲ."

ನನ್ನ ಗಂಡ ಒಪ್ಪಲಿಲ್ಲ. "ಎಂತಕ್ಕೆ ಹೋಗುದು? ಆ ಮನೆ ಮೇಲೆ ಪೊಲೀಸರ ಕಣ್ಣುಂಟು. ನಮ್ಮ ಪಾಸ್‌ಪೋರ್ಟಿನ ವಿಚಾರಣೆ ಇನ್ನೂ ಮುಗೀಲಿಲ್ಲ ಮಾರಾಯ್ತಿ."

"ಮಗನ್ನ ಕಳಕೊಂಡವರು ಕರೀತಿದ್ದಾರೆ. ಹೇಗೆ ಹೋಗದೆ ಇರುದು, ನೀವೇ ಹೇಳಿ."

ಅವರು ಗೊಣಗುತ್ತಲೇ ನನ್ನನ್ನು ಬಸ್ಸಿಗೆ ಹತ್ತಿಸಿದರು.

ಉಳಿದ ಮೂವರು ಬಂದಿರಲಿಲ್ಲ. ಮಾಶಿಮಾ ಆಗಲೇ ಬಿಳಿ ಎಳ್ಳು ಹುರಿಯುತ್ತಿದ್ದರು. ಒಳಗೆಲ್ಲ ಗೀರುಗಳಿದ್ದ ಮಣ್ಣಿನ ಬೋಗುಣಿಯಲ್ಲಿ ಅದನ್ನು ನುಣ್ಣಗೆ ಅರೆದು, ಬಟ್ಟೆಯಲ್ಲಿ ಹಿಂಡಿ, ಆ ಹಾಲಿಗೆ ನಮ್ಮೂರಿನ ಕೂವೆ ಹುಡಿಯಂಥದೇ ಹಿಟ್ಟು ಸೇರಿಸಿ ಮಗುಚಬೇಕು. ಹಾಲುಬಾಯಿಯ ಹಾಗೆ ಗಟ್ಟಿಯಾಗುವವರೆಗೆ ಕೈ ಬಿಡುವಂತಿಲ್ಲ.

"ನಮ್ಮಲ್ಲೂ ಸತ್ತವರಿಗೆ ಎಳ್ಳು ಬಿಡುತ್ತೇವೆ" ಎಂದೆ.

"ಗೊತ್ತು. ಇವರ ಮನೆಯವರು ಸೇರಿ ಶ್ರಾದ್ಧ ಮಾಡಿದರು. ನನಗೆ ಅಲ್ಲಿ ಏನೂ ಕೆಲಸವಿರಲಿಲ್ಲ."

ಮಗುಚುತ್ತಿದ್ದ ಅವರ ಕೈ ತಟ್ಟನೆ ನಿಂತಿತು. ತಳ ಹಿಡಿಯುವ ವಾಸನೆ ಬಂದು ನಾನು ಸೌಟು ತೆಗೆದುಕೊಂಡೆ. ಅವರು ಗೋಡೆಗೆ ಒರಗಿದರು.

"ಗುರುತು ಹಿಡಿಯಲು ನನ್ನನ್ನು ಕರೆದೊಯ್ಯಲಿಲ್ಲ. ಮುಖ ಇರಲಿಲ್ಲವಂತೆ. ಅವನಪ್ಪ ಬಾಯಿ ಬಿಡಿಸಿ ನೋಡಿದರು. ದವಡೆಯ ಹಲ್ಲಿಗೆ ಬೆಳ್ಳಿ ತುಂಬಿತ್ತು. ತುಂಬಿದವರು ಅವರೇ."

ನಾನು ಮಗುಚುತ್ತ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಬಂದು ಪಾತ್ರೆಯೊಳಗೆ ಇಣುಕಿ, "ಉರಿ ಕಡಿಮೆ ಮಾಡು" ಎಂದರು.

ಅನ್ನ, ಅಣಬೆಯ ಸಾರು, ಬೇಯಿಸಿದ ಕುಂಬಳಕಾಯಿ, ಉಪ್ಪು ಹಾಕಿದ ಮೂಲಂಗಿ, ಎಳ್ಳಿನ ಆ ಗಟ್ಟಿ. ಪುಟ್ಟ ಬಟ್ಟಲುಗಳಲ್ಲಿ ಹಾಕಿ ಮಗನ ಫೋಟೋದ ಮುಂದೆ ಇಟ್ಟರು. ಆಮೇಲೆ ಮೂವರೂ ಊಟಕ್ಕೆ ಕೂತೆವು. ದಂತವೈದ್ಯರು ಒಂದು ತುತ್ತು ತಿಂದು ಹೆಂಡತಿಯನ್ನು ನೋಡಿದರು.

"ಅವನಿಗೆ ಇದು ಇಷ್ಟವಿತ್ತಾ?"

"ಇಲ್ಲ. ಸಪ್ಪೆ ಅನ್ನುತ್ತಿದ್ದ. ಬೀದಿಯಲ್ಲಿ ಎಗ್ ರೋಲ್ ತಿಂದುಕೊಂಡು ಬರುತ್ತಿದ್ದ."

ದಂತವೈದ್ಯರು ತಲೆ ತಗ್ಗಿಸಿ ತಮ್ಮ ಬಟ್ಟಲುಗಳಲ್ಲಿದ್ದುದನ್ನೆಲ್ಲ ತಿಂದು ಮುಗಿಸಿದರು.

ಹೊರಟಾಗ ಬೀದಿಯ ತಿರುವಿನಲ್ಲಿ ಮಫ್ತಿಯ ಪೊಲೀಸಿನವನೊಬ್ಬ ನನ್ನನ್ನು ನಿಲ್ಲಿಸಿ ಹೆಸರು, ವಿಳಾಸ, ಆ ಮನೆಗೆ ಏಕೆ ಬಂದದ್ದೆಂದು ಕೇಳಿದ. "ಅಡುಗೆ ಕಲಿಯಲು" ಎಂದೆ. ಅವನು ನಗಲಿಲ್ಲ.

ನಮ್ಮ ಪಾಸ್‌ಪೋರ್ಟ್ ಸಮಯಕ್ಕೆ ಬರಲಿಲ್ಲ. ಗಂಡನ ಬದಲು ಬೇರೊಬ್ಬರು ಜಪಾನಿಗೆ ಹೋದರು. ಅದಕ್ಕೂ ನಾನು ಆ ಮನೆಗೆ ಹೋದದ್ದಕ್ಕೂ ಸಂಬಂಧವಿತ್ತೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಗಂಡ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೇ ವಾಸಿಯಿತ್ತೇನೋ.

ನವರಾತ್ರಿಯ ಹೊತ್ತಿನ ಪೂಜೆಯ ಹಬ್ಬ ಕಳೆದ ಮೇಲೆ ಬಾಲಿಗಂಜ್‌ಗೆ ಹೋದೆ. ದಂತವೈದ್ಯರೇ ಬಾಗಿಲು ತೆರೆದರು. ಗಂಗೆಗೆ ಬಿಡದೆ ಉಳಿಸಿಕೊಂಡಿದ್ದ ಮಗನ ಒಂದು ಚೂರು ಅಸ್ಥಿಯನ್ನು ತೆಗೆದುಕೊಂಡು ಮಾಶಿಮಾ ಜಪಾನಿನ ತಮ್ಮ ಊರಿಗೆ ಹೋಗಿದ್ದರು. "ಬರುತ್ತಾಳೆ" ಎಂದರು. ರೋಗಿಗಳು ಯಾರೂ ಇಲ್ಲದ ಕೋಣೆಯಲ್ಲಿ ನನ್ನನ್ನು ಕೂರಿಸಿ ತಾವೇ ಟೀ ಮಾಡಿ ತಂದರು. ನಮಗೆ ವಿಶಾಖಪಟ್ಟಣಕ್ಕೆ ವರ್ಗವಾಗಿ ನಾವು ಊರು ಬಿಡುವವರೆಗೂ ಮಾಶಿಮಾ ಬಂದಿರಲಿಲ್ಲ.