ಹೊರಗಿನ ಗೆರೆಗೆ ಎಣ್ಣೆ ಬಣ್ಣ

ಅವರ ಎಡಗೈ ಹೆಬ್ಬೆರಳಿನ ಉಗುರು ದಿನವಿಡೀ ಒಂದೇ ಬಣ್ಣದಲ್ಲಿ ಇದ್ದದ್ದನ್ನು ನಾನು ನೋಡಿಲ್ಲ. ಬೆಳಿಗ್ಗೆ ಕೆಂಪಿದ್ದರೆ ಮಧ್ಯಾಹ್ನ ಹಳದಿ, ಸಂಜೆ ರೋಣದ ಬಸ್ಸು ಹತ್ತುವ ಹೊತ್ತಿಗೆ ಬೂದಿ. ಡಬ್ಬಿಯಲ್ಲಿ ಬಣ್ಣ ಕಲಸಿ, ಕುಂಚದ ತುದಿಯಿಂದ ಉಗುರಿನ ಮೇಲೆ ಒಂದು ಚುಕ್ಕೆ ಇಟ್ಟು, ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಸರಿ ಅನ್ನಿಸಿದರೆ ಮಾತ್ರ ಅದು ಗೋಡೆಗೆ. ಮೈಮೇಲೆ ಬಿಳಿ ಅಂಗಿ, ಬಿಳಿ ಧೋತರ. ಅಂಗಿಯ ಮೇಲೆ ಬಣ್ಣದ ಒಂದು ಹನಿ ಸಿಡಿದದ್ದಿಲ್ಲ. ಊಟಕ್ಕೆ ಕೂತರೆ ಮಾತ್ರ ಅದೇ ಅಂಗಿಯ ಮೇಲೆ ಸಾರು ಚೆಲ್ಲಿಕೊಂಡು ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದರು.

ರೋಣದಲ್ಲಿ ಅವರ ಅಂಗಡಿ. ಅಂಗಡಿ ಬೋರ್ಡು, ಟ್ರ್ಯಾಕ್ಟರಿನ ಹಿಂದಿನ ಹೆಸರು, ಗಿರಣಿ ಗೋಡೆ ಎಲ್ಲವನ್ನೂ ಬರೆಯುತ್ತಿದ್ದರು. ಆದರೆ ಹೆಸರು ಬಂದದ್ದು ಶಾಲೆಯ ಗೋಡೆಗಳ ನಕ್ಷೆಯಿಂದ. ನರಗುಂದದಿಂದ, ಗಜೇಂದ್ರಗಡದಿಂದ ಮುಖ್ಯಗುರುಗಳು ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಎಲ್ಲರಿಗೂ ಅವರು ಪೇಂಟರ್ ಕಾಕಾ. ನಾನು ಜಕ್ಕಲಿಯವಳು. ನಾನು ಕಲಿತ ಶಾಲೆಯ ಭಾರತವೂ ಅವರ ಕೈಯದೇ. ಅದರ ಮುಂದೆ ನಿಂತು ರಾಜಧಾನಿಗಳನ್ನು ತಪ್ಪು ಹೇಳಿ ಕಿವಿ ಹಿಂಡಿಸಿಕೊಂಡವಳು ನಾನು. ಹೀಗಾಗಿ ಅವರ ಮೇಲೆ ನನಗೆ ಹಳೆಯ ಸಿಟ್ಟೂ ಇತ್ತು.

ಅವರದೊಂದು ಪದ್ಧತಿ ಇತ್ತು. ದೇಶದ ಹೊರಗಿನ ಗೆರೆಯನ್ನು ಎಣ್ಣೆ ಬಣ್ಣದಲ್ಲಿ ಎಳೆಯುತ್ತಿದ್ದರು, ಒಳಗಿನ ರಾಜ್ಯ, ಜಿಲ್ಲೆ, ತಾಲ್ಲೂಕಿನ ಗೆರೆಗಳನ್ನು ನೀರು ಬಣ್ಣದಲ್ಲಿ. ನಾನು ಶಿಕ್ಷಕಿಯಾದ ಮೇಲೆ ಒಮ್ಮೆ ಕೇಳಿದೆ, ಎರಡೂ ಎಣ್ಣೆಯಲ್ಲೇ ಎಳೆದರೆ ಗಟ್ಟಿ ಬರುವುದಿಲ್ಲವೇ ಎಂದು.

“ಗಟ್ಟಿ ಬರತೈತ್ರಿ ಅಕ್ಕೋರ. ಆಮ್ಯಾಲೆ ಅಳಸೋರು ಯಾರು?” ಅಂದರು. “ಗದಗ ಬ್ಯಾರೆ ಜಿಲ್ಲಾ ಆತು, ಅಳಿಸಿದೆ. ತೆಲಂಗಾಣ ಬ್ಯಾರೆ ಆತು, ಅಳಿಸಿದೆ. ಮೊನ್ನಿ ಗಜೇಂದ್ರಗಡ ನಮ್ಮ ರೋಣ ಬಿಟ್ಟು ತಾಲೂಕ ಆತು, ಅದನ್ನೂ ಅಳಿಸಿದೆ. ಹಸಿ ಅರಬಿಲೆ ತಿಕ್ಕಿದ್ರ ಮುಗೀತು. ಹೊರಗಿನ ಗೆರಿ ಅಳಸ ಅಂತ ಇಷ್ಟ ವರ್ಷದಾಗ ಒಬ್ಬರೂ ಹೇಳಿಲ್ಲ.”

ರೋಣದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅವರ ಸುತ್ತ ಮಂದಿ ಕೂಡುತ್ತಿದ್ದರು. ಅಲ್ಲಿ ಒಬ್ಬ ಕಡಲೆ ವ್ಯಾಪಾರಿ ದಿನವೂ ಒಂದೇ ರಾಗ ತೆಗೆಯುತ್ತಿದ್ದ. “ನಮ್ಮ ಕಡಿ ಬ್ಯಾರೆ ರಾಜ್ಯ ಆಗಬೇಕ್ರಿ ಕಾಕಾ. ಬೆಂಗಳೂರಿನವರಿಗೆ ನಮ್ಮ ನೆನಪ ಬರಾಂಗಿಲ್ಲ.”

“ಆಗಲೇಳು. ನನಗ ಒಂದ ವರ್ಷದ ಕೆಲಸ ಸಿಗತೈತಿ” ಎಂದು ಕಾಕಾ ನಗುತ್ತಿದ್ದರು.

ಒಂದು ದಿನ ಆ ವ್ಯಾಪಾರಿಗೆ ಹುರುಪು ಹೆಚ್ಚಾಯಿತು. “ರಾಜ್ಯ ಯಾಕ, ದೇಶಾನ ಮಾಡಿಬಿಡೋಣಲ್ಲ?”

ಕಾಕಾ ಬಸಿಯಲ್ಲಿದ್ದ ಚಹಾ ಊದಿ ಕುಡಿದು, ಬಾಯಿ ಒರೆಸಿಕೊಂಡು ಹೇಳಿದರು: “ಅದು ಎಣ್ಣಿ ಬಣ್ಣಪಾ. ಅದಕ್ಕ ನಾ ಕೈ ಹಚ್ಚಾಂಗಿಲ್ಲ.”

ನನ್ನ ಮೊದಲ ನೌಕರಿ ಮೆಣಸಗಿ ಕಡೆಯ ಒಂದು ಪುಟ್ಟ ಊರಿನ ಶಾಲೆಯಲ್ಲಿ. ಊರಿನ ಹೆಸರು ಬೇಡ ಬಿಡಿ. ಹೊಳೆ ಬಂದಾಗ ನಾಲ್ಕು ದಿನ ನೀರಿನ ನಡುವೆ ನಿಂತ ಊರು ಅದು. ನಾನಿನ್ನೂ ಪ್ರೊಬೇಷನ್ನಿನಲ್ಲಿದ್ದೆ. ಮುಖ್ಯಗುರುಗಳು ನಿವೃತ್ತರಾದರು, ಅವರ ಪ್ರಭಾರ ಬಂದು ನನ್ನ ತಲೆಯ ಮೇಲೆ ಕೂತಿತು. ನೆರೆಯಲ್ಲಿ ನೆನೆದು ಹೋಗಿದ್ದ ಗೋಡೆಗಳಿಗೆ ಸುಣ್ಣ ಬಳಿಸಿ, ಭಾರತದ್ದೊಂದು, ಕರ್ನಾಟಕದ್ದೊಂದು ನಕ್ಷೆ ಬರೆಸಲು ಕಾಕಾನನ್ನು ಕರೆಸಿದೆ. ನನ್ನ ತಂದೆ ನನ್ನ ಓದಿಗಾಗಿ ಜಗಳವಾಡಿದ್ದು ಇಡೀ ಬಳಗದ ಜೊತೆ. ಆ ನೌಕರಿ ಖಾಯಂ ಆಗುವುದೊಂದೇ ಆಗ ನನ್ನ ಕಣ್ಣ ಮುಂದಿದ್ದದ್ದು.

ಅವರು ಏಣಿಯ ಮೇಲೆ ನಿಂತು ಭಾರತ ಬರೆಯುತ್ತಿದ್ದಾಗ ನಾನು ಏಳನೆಯ ತರಗತಿಗೆ ಪೌರನೀತಿ ಹೇಳುತ್ತಿದ್ದೆ. ಮುಂದಿನ ಸಾಲಿನ ಹುಡುಗಿ ಎದ್ದು ನಿಂತು, “ಅಕ್ಕೋರ, ಕರ್ನಾಟಕ ಬ್ಯಾರೆ ದೇಶ ಆಗಬಹುದೇನ್ರಿ?” ಎಂದು ಕೇಳಿದಳು. ನನಗೆ ಉತ್ತರ ಗೊತ್ತಿತ್ತು, ಹೇಳುವ ಬಗೆ ಗೊತ್ತಿರಲಿಲ್ಲ. “ಆಗಾಂಗಿಲ್ಲ, ಕೂಡ” ಅಂದೆ. “ಯಾಕಾಗಾಂಗಿಲ್ರಿ?” ಎಂದು ಅವಳು ನಿಂತೇ ಇದ್ದಳು. ಮೊಂಡ ಹುಡುಗಿ.

ಕಾಕಾ ಏಣಿಯಿಂದ ಇಳಿದು ಬಾಗಿಲಿಗೆ ಬಂದರು. “ನಾ ಒಂದ ಮಾತ ಹೇಳಲೇನ್ರಿ?” ಎಂದು ನನ್ನನ್ನು ಕೇಳಿ, ಎಲ್ಲರನ್ನೂ ಗೋಡೆಯ ಮುಂದೆ ಕರೆದುಕೊಂಡು ಹೋದರು. ಆ ಹುಡುಗಿಯ ಕೈಗೆ ಹಸಿ ಅರಿವೆ ಕೊಟ್ಟು ಒಳಗಿನ ಒಂದು ಗೆರೆ ಒರೆಸಲು ಹೇಳಿದರು. ಹೋಯಿತು. ಹೊರಗಿನ ಗೆರೆ ಒರೆಸಲು ಹೇಳಿದರು. ಹುಡುಗಿ ತಿಕ್ಕಿ ತಿಕ್ಕಿ ಸೋತಳು.

“ನೋಡವಾ, ಒಳಗಿನ ಗೆರಿ ದಿಲ್ಲಿಯೊಳಗ ಎಲ್ಲಾರೂ ಕೂಡಿ ಕುಂತು ಮಾತಾಡಿ ಬದಲಿ ಮಾಡಬಹುದು. ಒಂದ ರಾಜ್ಯ ಎರಡ ಮಾಡಬಹುದು, ಹೆಸರ ಬದಲಿ ಮಾಡಬಹುದು. ಆದ್ರ ನಾ ಮನಿ ಬಿಟ್ಟು ಹೊಂಟೆ ಅನ್ನೂ ಹಕ್ಕು ಯಾವ ರಾಜ್ಯಕ್ಕೂ ಬರದು ಕೊಟ್ಟಿಲ್ಲ. ಹೌದಲ್ರಿ ಅಕ್ಕೋರ?”

ಹೌದು ಅಂದೆ. ಸಂವಿಧಾನದ ಆ ಮಾತನ್ನು ಬಿ.ಎಡ್ ಓದಿದ ನನಗಿಂತ ಚೆನ್ನಾಗಿ ಅವರು ಹೇಳಿದ್ದರು. ಹುಡುಗಿ ಇನ್ನೂ ಬಿಡಲಿಲ್ಲ. “ಹಕ್ಕ ಬರದು ಕೊಟ್ಟಿದ್ರ ಹೋಗಬಹುದಿತ್ತೇನ್ರಿ?”

“ಹೋಗಿ ಏನ ಮಾಡ್ತೀ? ಹೊಳಿ ಬಂದಾಗ ನಾಕ ದಿನ ನೀವು ಬ್ಯಾರೆ ದೇಶ ಆಗಿದ್ರಲ್ಲ, ಹ್ಯಾಂಗಿತ್ತು?”

“ಬೋಟ್‌ನಾಗ ರೊಟ್ಟಿ ಬಂದ್ವಲ್ರಿ.”

“ಎಲ್ಲಿಂದ ಬಂದ್ವು?”

“ಗದಗದಿಂದ. ಹುಬ್ಬಳ್ಳಿಯಿಂದ. ಇನ್ನೂ ಯಾವ್ಯಾವದೋ ಊರಿಂದ.”

“ಮತ್ತ?” ಎಂದು ಕಾಕಾ ಏಣಿ ಹತ್ತಿದರು. ಹುಡುಗಿ ಕೂತಳು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಮರುದಿನದಿಂದ ಒಂದು ವಾರ ನನಗೆ ರೋಣದಲ್ಲಿ ತರಬೇತಿ. ನಾನಿಲ್ಲದ ಆ ದಿನಗಳಲ್ಲೇ ಕಾಕಾ ಹಿಂದಿನ ಗೋಡೆಯ ಮೇಲೆ ಕರ್ನಾಟಕ ಬರೆದು ಹೋದರು. ತರಬೇತಿಯ ನಡುವೆ ಯಾರೋ ಒಂದು ಕಾಗದ ತಂದರು: ‘ನಕ್ಷೆಗಳು ಪಠ್ಯಪುಸ್ತಕದಂತೆಯೇ ಇವೆ ಎಂದು ಪರಿಶೀಲಿಸಲಾಗಿದೆ.’ ಕಾಕಾನ ಕೆಲಸದಲ್ಲಿ ನೋಡುವುದೇನಿದೆ ಎಂದು ಅಲ್ಲೇ ಸಹಿ ಹಾಕಿಬಿಟ್ಟೆ. ಶಾಲೆಗೆ ಬಂದು ಹಿಂದಿನ ಗೋಡೆ ನೋಡಿದೆ. ಪಶ್ಚಿಮಕ್ಕೆ ಇರಬೇಕಾದ ಸಮುದ್ರದ ನೀಲಿ ನಾಲ್ಕೂ ಕಡೆ ಇತ್ತು. ಮಹಾರಾಷ್ಟ್ರವಿಲ್ಲ, ಆಂಧ್ರವಿಲ್ಲ, ಕೇರಳವಿಲ್ಲ, ಅಕ್ಕಪಕ್ಕದ ಒಂದು ಹೆಸರೂ ಬರೆದಿಲ್ಲ. ನಡುವೆ ಕರ್ನಾಟಕವೊಂದೇ ದ್ವೀಪದ ಹಾಗೆ ತೇಲುತ್ತಿತ್ತು. ಮಕ್ಕಳಿಗೋ ಬಲು ಖುಷಿ.

ನಾನು ಬರುವ ಮೊದಲೇ ಊರಿನ ಒಬ್ಬ ಅದರ ಫೋಟೋ ತೆಗೆದು, ‘ಈ ಶಾಲೆಯಲ್ಲಿ ಕರ್ನಾಟಕ ಬೇರೆ ದೇಶವಾಗಿದೆ’ ಎಂದು ಬರೆದು ಮೊಬೈಲಿನಲ್ಲಿ ಹಂಚಿದ್ದ. ಅದು ಊರೂರು ತಿರುಗಿ ತಾಲ್ಲೂಕು ಕಚೇರಿಗೂ ಮುಟ್ಟಿತು. ಹುಡುಗಿ ತರಗತಿಯಲ್ಲಿ ಕೇಳಿದ ಪ್ರಶ್ನೆಯೂ ಜೊತೆಗೆ ಸೇರಿಕೊಂಡು, ನಾನೇ ಮಕ್ಕಳಿಗೆ ಹಾಗೆ ಕಲಿಸುತ್ತೇನೆ ಎಂಬ ಮಾತಾಯಿತು. ನೋಟೀಸು ಬಂತು. ಮೂರು ದಿನದಲ್ಲಿ ಶಿಕ್ಷಣಾಧಿಕಾರಿ ಸಾಹೇಬರ ಮುಂದೆ ಹಾಜರಾಗಿ ಉತ್ತರ ಕೊಡಬೇಕು. ನನ್ನ ಪ್ರೊಬೇಷನ್ನಿನ ಕಡತವೂ ಅದೇ ಮೇಜಿನ ಮೇಲಿತ್ತು.

ಕುದಿಯುತ್ತಲೇ ನೋಟೀಸು ಹಿಡಿದುಕೊಂಡು ಕಾಕಾನ ಅಂಗಡಿಗೆ ಹೋದೆ. “ಸುತ್ತಲೂ ನೀಲಿ ಯಾಕ ಬಳದ್ರಿ ಕಾಕಾ?” ಎಂದು ಬಾಯಿಗೆ ಬಂದಂತೆ ಕೇಳಿದೆ. ಅವರು ಗಾಬರಿಯಾಗಿ, “ನೀಲಿ? ಗಿಳಿಹಸರ ಬಳದೀನ್ರಿ, ಯಾವಾಗ್ಲೂ ಬಳದಂಗ” ಎಂದು ಒಳಗಿನಿಂದ ಡಬ್ಬಿ ತಂದು ನನ್ನ ಮುಂದೆ ತೆರೆದರು. ಒಳಗೆ ಅಚ್ಚ ನೀಲಿ. ನಾನು ಅವರ ಮುಖ ನೋಡಿದೆ. ಅವರ ಎರಡೂ ಕಣ್ಣಿನಲ್ಲಿ ಮಬ್ಬು ಬಿಳಿ ಪೊರೆ. ಈಚೆಗೆ ಉಗುರನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದದ್ದು ಬರೀ ಅಭ್ಯಾಸ ಬಲ. ಅಕ್ಕಪಕ್ಕದ ರಾಜ್ಯಗಳ ಹೆಸರು ಬರೆಯದೆ ಬಿಟ್ಟದ್ದೂ ಅದಕ್ಕೇ. ಸಣ್ಣ ಅಕ್ಷರ ಅವರಿಗೆ ಕಾಣುತ್ತಿರಲಿಲ್ಲ.

ನನ್ನ ಸಿಟ್ಟು ಎಲ್ಲಿ ಹೋಯಿತೋ. ಒಳಗಿನಿಂದ ಅವರ ಹೆಂಡತಿ, ನಾನು ಕಾಕೂ ಅನ್ನುತ್ತಿದ್ದವರು, ಬಂದು ನನ್ನ ಕೈ ಹಿಡಿದುಕೊಂಡರು. “ಹೊರಗ ಹೇಳಬ್ಯಾಡ್ರಿ ಅಕ್ಕೋರ. ಪೇಂಟರಗ ಬಣ್ಣ ಕಾಣಾಂಗಿಲ್ಲ ಅಂತ ಗೊತ್ತಾದ್ರ ಯಾರ ಕರೀತಾರಿ?” ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕಾಕಾ ಡಬ್ಬಿಯ ಮುಚ್ಚಳ ಹಾಕುತ್ತ, ತೆಗೆಯುತ್ತ ಕೂತಿದ್ದರು.

ಮೂರನೆಯ ದಿನ ‘ನೋಡದೆ ಸಹಿ ಮಾಡಿದ್ದು ನನ್ನ ತಪ್ಪು’ ಎಂದು ಬರೆದುಕೊಂಡು ಕಚೇರಿಗೆ ಹೋದೆ. ಅಂದು ಅಲ್ಲಿ ಮುಖ್ಯಗುರುಗಳ ಸಭೆ ಇತ್ತು. ತಾಲ್ಲೂಕಿನವರೆಲ್ಲ ಬಾಗಿಲ ಹೊರಗಿನ ಬೆಂಚುಗಳ ಮೇಲೆ ಕೂತಿದ್ದರು. ಸಾಹೇಬರು ಒಳ್ಳೆಯವರೇ, ಆದರೆ ಅವರ ಮೇಲೂ ಒತ್ತಡವಿತ್ತು. “ನೋಡದೆ ಸಹಿ ಮಾಡಿದ್ರಿ, ಸರಿ. ಆದರೆ ಗೋಡೆ ತುಂಬಾ ನೀಲಿ ಬಂದದ್ದು ಹೇಗೆ? ನೀವು ಹೇಳದೆ ಪೇಂಟರ್ ಬಳಿದನೇ? ಉದ್ದೇಶ ಏನಿತ್ತು?” ಎಂದರು. ಅದಕ್ಕೆ ನನ್ನ ಬಳಿ ಉತ್ತರವಿತ್ತು, ಹೇಳುವಂತಿರಲಿಲ್ಲ. ಸುಮ್ಮನೆ ನಿಂತಷ್ಟೂ ತಪ್ಪು ದೊಡ್ಡದಾಗುತ್ತಿತ್ತು.

ಆಗ ಬಾಗಿಲಲ್ಲಿ ಬಿಳಿ ಅಂಗಿ ಕಾಣಿಸಿತು. ಕಾಕಾ ಚೌಕಟ್ಟು ಹಿಡಿದುಕೊಂಡು ಒಳಗೆ ಬಂದರು.

“ಸಾಹೇಬ್ರ, ಕರ್ನಾಟಕ ಬ್ಯಾರೆ ದೇಶ ಆಗಾಂಗಿಲ್ಲ ಅಂತ ಆ ಹುಡುಗಿಗೆ ಹೇಳಿದಾವ ನಾನು. ಅಕ್ಕೋರ ಎದುರಿಗೇ ಹೇಳೀನಿ, ಅವರೂ ಹೌದಂದಾರ. ಬೇಕಾದ್ರ ಹುಡುಗರನ್ನ ಕೇಳ್ರಿ. ಉದ್ದೇಶ ಗಿದ್ದೇಶ ಏನಿಲ್ರಿ. ನನಗ ಬಣ್ಣ ಕಾಣಾಂಗಿಲ್ಲ.”

ಸಾಹೇಬರು ನಂಬಲಿಲ್ಲ. ಮೇಜಿನಿಂದ ಒಂದು ಹಸಿರು, ಒಂದು ನೀಲಿ ಕಡತ ಎತ್ತಿ ಹಿಡಿದು, “ಇವು ಯಾವ ಬಣ್ಣ?” ಎಂದರು. ಕಾಕಾ ಎರಡನ್ನೂ ಮೂಗಿನ ಹತ್ತಿರ ತಂದುಕೊಂಡರು. ಹೊರಗಿನ ಬೆಂಚುಗಳ ಮೇಲಿದ್ದವರು ಎದ್ದು ಬಾಗಿಲಿಗೆ ಬಂದು ನಿಂತಿದ್ದರು. ಅಷ್ಟೂ ಜನ ಅವರಿಗೆ ಕೆಲಸ ಕೊಡುವವರು.

“ಎರಡೂ ಒಂದ ಅಲ್ಲೇನ್ರಿ?” ಅಂದರು ಕಾಕಾ.

ಯಾರೂ ನಗಲಿಲ್ಲ. ಸಾಹೇಬರು ಎದ್ದು ತಮ್ಮ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ ಅವರನ್ನು ಕೂಡ್ರಿಸಿ ನೀರು ಕೊಡಿಸಿದರು. ನನಗೆ, ಇನ್ನು ಮುಂದೆ ನೋಡಿ ಸಹಿ ಮಾಡಬೇಕೆಂದು ಒಂದು ಎಚ್ಚರಿಕೆ ಸಿಕ್ಕಿತು. ಮುಂದಿನ ತಿಂಗಳು ನೌಕರಿ ಖಾಯಂ ಆದ ಆದೇಶ ಬಂತು.

ಕಾಕಾನ ಕಣ್ಣಿಗೆ ಗದಗದ ದವಾಖಾನೆಯಲ್ಲಿ ಆಪರೇಷನ್ ಆಯಿತು. ಕಣ್ಣು ಬಂದ ಮೇಲೆ ಮೊದಲು ನಮ್ಮ ಶಾಲೆಗೇ ಬಂದರು. ನೀಲಿ ಗೋಡೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, “ಅಬಾಬಾ, ಏನ್ ಮಾಡೀನ್ರಿ ಇದು” ಎಂದು ಬಿದ್ದು ಬಿದ್ದು ನಕ್ಕರು. ಎರಡು ದಿನ ಕೂತು ಅಷ್ಟೂ ರಾಜ್ಯಗಳನ್ನು ಅವವುಗಳ ಜಾಗಕ್ಕೆ ತಂದು ಕೂಡ್ರಿಸಿ, ಹೆಸರು ಬರೆದರು. ಬೇರೆ ಶಾಲೆಗಳ ಕೆಲಸ ಮಾತ್ರ ಮರಳಿ ಬರಲಿಲ್ಲ. ಕಣ್ಣು ಬಂದ ಸುದ್ದಿ, ಕಣ್ಣು ಹೋದ ಸುದ್ದಿಯಷ್ಟು ಜೋರಾಗಿ ಓಡುವುದಿಲ್ಲ. ಗಜೇಂದ್ರಗಡದಲ್ಲಿ ಒಪ್ಪಿಕೊಂಡಿದ್ದ ಹನ್ನೆರಡು ಗೋಡೆಗಳು ಬೇರೆಯವರ ಪಾಲಾದವು. ಉಳಿದ ಕಡೆ ಅಚ್ಚು ಹಾಕಿದ ಫ್ಲೆಕ್ಸ್ ನಕ್ಷೆಗಳು ಬಂದವು. ಕಾಕಾ ಒಂದು ದಿನವೂ ಗೊಣಗಲಿಲ್ಲ. ಚಹಾದಂಗಡಿಯಲ್ಲಿ ಕೂತು, ಹೋಗಿಬರುವ ಹೆಣ್ಣುಮಕ್ಕಳ ಸೀರೆಯ ಬಣ್ಣ ಹೇಳಿ ಕಾಕೂನಿಂದ ಬೈಸಿಕೊಳ್ಳುತ್ತ ಹಾಯಾಗಿದ್ದರು.

ಹೋದ ವರ್ಷ ಸುಗ್ಗಿಯ ಹೊತ್ತಿಗೆ ಮಧ್ಯಾಹ್ನ ಊಟ ಮಾಡಿ ಅಡ್ಡಾದವರು ಏಳಲಿಲ್ಲ. ದಿನಕರ್ಮಗಳೆಲ್ಲ ಮುಗಿದ ಮೇಲೆ ಕಾಕೂನನ್ನು ಮಾತಾಡಿಸಲು ಹೋದೆ. ಸಮಾಧಾನ ಮಾಡುವ ಭರದಲ್ಲಿ, ಕಾಕಾ ಇದ್ದಾಗ ಅವರಿಗೆ ಎಷ್ಟೋ ಸಲ ಹೇಳಿದ್ದ ಮಾತನ್ನೇ ಹೇಳಿದೆ: ನನ್ನ ನೋಟೀಸಿನಿಂದಲೇ ಕಾಕಾ ಕಣ್ಣು ತೋರಿಸಿಕೊಂಡರು, ಕಡೆಗಾಲಕ್ಕೆ ಎಲ್ಲಾ ಕಂಡು ಹೋದರು ಎಂದು.

ಕಾಕೂ ತಲೆ ಅಲ್ಲಾಡಿಸಿದರು. “ಇಲ್ರಿ ಅಕ್ಕೋರ. ನೀವು ಬೈಯಾಕ ಬಂದಿದ್ರಲ್ಲ, ಅದಕ್ಕಿಂತ ಮೊದಲ ಕಣ್ಣ ತೋರಿಸಿದ್ರು, ದವಾಖಾನಿಯವರು ಆಪರೇಷನ್‌ಗೆ ದಿನ ಕೊಟ್ಟಿದ್ರು. ಹತ್ತ ದಿನ ಇತ್ತು. ಬಾಯಿ ಮುಚಗೊಂಡ ಮಾಡಿಸ್ಕೊಂಡ ಬಂದಿದ್ರ ಯಾರಿಗೂ ತಿಳೀತಿರಲಿಲ್ಲ, ಕೆಲಸ ಉಳೀತಿದ್ವು. ಹತ್ತ ದಿನ ತಡೀರಿ ಅಂತ ನಾ ಕೈ ಮುಗದೆ. ‘ನನಗ ಹತ್ತ ದಿನ ಐತಿ, ಅಕ್ಕೋರಿಗೆ ಮೂರ ದಿನ ಐತಿ’ ಅಂದ್ರು, ಅಂಗಿ ತೊಟಗೊಂಡು ಹೋದ್ರು. ನಿಮಗ ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡಿದ್ರು.”