ನಾಲ್ಕು ಹಣ ಕಟ್ಟಿಕೊಂಡು ಮೂಡುಬಿದಿರೆಗೆ

ಬಿ.ಸಿ. ರೋಡಿನಲ್ಲಿ ಖಾಸಗಿ ಬಸ್ಸುಗಳು ಒಂದರ ಹಿಂದೆ ಒಂದು ಬಂದು, "ಬೆಳ್ತಂಗಡಿ, ಬೆಳ್ತಂಗಡಿ" ಎಂದು ಕೂಗಿ ಹೊರಟುಹೋದರೂ ನನ್ನ ಹೆಂಡತಿ ಸುಮತಿ ಕದಲಲಿಲ್ಲ. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿಲ್ಲ, ಆದ್ದರಿಂದ ಅದೇ ಬರಬೇಕು. ನನಗೆ ಮಾತ್ರ ಟಿಕೆಟ್ ಉಂಟಲ್ಲ ಎಂದರೆ, "ಅದಕ್ಕೇ ಹೇಳಿದ್ದು, ನೀವು ಮನೆಯಲ್ಲಿರಿ ಅಂತ" ಎಂದಳು. ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿದವನು ನಾನು. ಹೆಂಗಸರೊಡನೆ ಲೆಕ್ಕದ ಮಾತಿಗೆ ಹೋಗಬಾರದೆಂದು ಅಲ್ಲೇ ಕಲಿತಿದ್ದೆ.

ಅವಳ ಕೈಚೀಲದಲ್ಲಿ ಒಂದು ಕುಂಕುಮದ ಡಬ್ಬಿ, ಅದರೊಳಗೆ ನಾಲ್ಕು ಹಣ. ಹಣವೆಂದರೆ ಹಿಂದಿನ ಕಾಲದ ಪುಟ್ಟ ಚಿನ್ನದ ನಾಣ್ಯ. ತೊಗರಿಬೇಳೆಗಿಂತ ತುಸು ಅಗಲ, ಉಸಿರು ಬಿಟ್ಟರೆ ಹಾರಿಹೋದೀತು ಎನ್ನುವಷ್ಟು ಹಗುರ. ನವರಾತ್ರಿಯ ಕೊನೆಯ ದಿನ ನಮ್ಮೂರಿನ ಭಜನಾ ಮಂದಿರದಲ್ಲಿ ಹರಕೆಯ ವಸ್ತುಗಳನ್ನು ಏಲಂ ಹಾಕುತ್ತಾರೆ. ತೆಂಗಿನಕಾಯಿ, ಬಾಳೆಗೊನೆ, ಸೀರೆ, ಏನು ಬಂದರೂ ಕೂಗುತ್ತಾರೆ. ಹೆಚ್ಚು ಬೆಲೆ ಕೂಗಿ ಹಿಡಿದವರು ಮನೆಗೆ ಒಯ್ಯಬಹುದು, ಬೇಕಾದರೆ ಮುಂದಿನ ವರ್ಷ ಪುನಃ ದೇವರಿಗೆ ಒಪ್ಪಿಸಬಹುದು. "ಗಿರಿಜಕ್ಕನ ಹರಕೆ, ನಾಲ್ಕು ಚಿನ್ನದ ಹಣ!" ಎಂದು ಮೈಕಿನಲ್ಲಿ ಕೂಗಿದ್ದೇ ತಡ, ಸುಮತಿ ಕೈ ಎತ್ತಿದವಳು ಕೊನೆಯವರೆಗೂ ಇಳಿಸಲಿಲ್ಲ. ಮೊಮ್ಮಗಳಿಗೆ ಪದಕ ಮಾಡಿಸುವ ಆಸೆ ಅವಳದು.

ದೀಪಾವಳಿಯ ಹಿಂದಿನ ದಿನ ಎಡವಟ್ಟಾಯಿತು. ದೀಪ, ಆರತಿ ತಟ್ಟೆಗಳ ಜೊತೆಗೆ ಈ ನಾಲ್ಕನ್ನೂ ಹುಣಸೆಹುಳಿ ಹಾಕಿ ಉಜ್ಜಿದಳು. ಎರಡರ ಅಂಚಿನಲ್ಲಿ ಚಿನ್ನದ ಲೇಪ ಹೋಗಿ ಒಳಗಿನ ಹಿತ್ತಾಳೆ ಇಣುಕಿತು. ಸುಮತಿ ಬಚ್ಚಲಲ್ಲೇ ಕುಸಿದು ಕೂತಳು. ಅವಳಿಗೆ ಹೋದ ದುಡ್ಡಿನ ಚಿಂತೆಯಲ್ಲ, ಗಿರಿಜಕ್ಕನ ಚಿಂತೆ.

ಗಿರಿಜಕ್ಕ ನಮ್ಮ ನೆರೆಮನೆಯವರು. ಎರಡು ವರ್ಷದ ಹಿಂದೆ ಹೋಟೆಲು ಮುಚ್ಚಿ ನಾವು ಊರಿಗೆ ಬಂದ ದಿನ, ಒಲೆ ಹೊತ್ತಿಸುವ ಮೊದಲೇ ಗಂಜಿ, ಹುರುಳಿ ಚಟ್ನಿ ತಂದಿಟ್ಟವರು. ಮಂದಿರದಲ್ಲಿ ಮೊದಲ ಭಜನೆ ಅವರದೇ ಆಗಬೇಕು. ಅಂಥವರು ದೇವರಿಗೆ ಹಿತ್ತಾಳೆ ಒಪ್ಪಿಸಿದರು ಎಂಬ ಮಾತು ಊರಲ್ಲಿ ಎದ್ದರೆ, ಅವರು ಇನ್ನೊಮ್ಮೆ ತಾಳ ಹಿಡಿದು ಅಲ್ಲಿ ಕೂರುವುದು ಹೇಗೆ?

"ಬಂಟ್ವಾಳದಲ್ಲಿ ತೋರಿಸುವುದು ಬೇಡ. ನಾವು ಮನೆ ಮುಟ್ಟುವ ಮೊದಲು ಸುದ್ದಿ ಮುಟ್ತದೆ. ಬೆಳ್ತಂಗಡಿಗೆ ಹೋಗುವ, ಅಲ್ಲಿ ನಮ್ಮನ್ನು ಯಾರಿಗೆ ಗೊತ್ತು?" ಎಂದಳು ಸುಮತಿ. ನಮ್ಮ ಮಾತೆಲ್ಲ ತುಳುವಿನಲ್ಲಿ. ಓದುವವರಿಗಾಗಿ ಕನ್ನಡ ಮಾಡಿದ್ದೇನೆ.

ಕೊನೆಗೂ ಕೆಂಪು ಬಸ್ಸು ಬಂತು. ಪುಂಜಾಲಕಟ್ಟೆ, ಮಡಂತ್ಯಾರು ದಾಟಿ ಬೆಳ್ತಂಗಡಿ ತಲುಪುವಾಗ ಬಿಸಿಲು ಏರಿತ್ತು. ಸುಮಾರು ಮೂವತ್ತೈದು ಕಿಲೋಮೀಟರ್ ದಾರಿಯುದ್ದಕ್ಕೂ ಅವಳು ಚೀಲವನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡಿದ್ದಳು. ಪೇಟೆಯ ಹೋಟೆಲಿನಲ್ಲಿ ಬನ್ಸ್ ತಿಂದೆವು. ಬನ್ಸ್ ಚೆನ್ನಾಗಿತ್ತು, ಚಟ್ನಿಗೆ ಉಪ್ಪು ಮುಂದಾಗಿತ್ತು. ಹೇಳೋಣವೆಂದು ಗಲ್ಲೆಯತ್ತ ತಿರುಗಿದೆ. "ನೀವೀಗ ಹೋಟೆಲಿನವರಲ್ಲ" ಎಂದು ಸುಮತಿ ಎಬ್ಬಿಸಿಕೊಂಡು ಹೊರಟಳು.

ಸಣ್ಣದೊಂದು ಚಿನ್ನದಂಗಡಿ ಹೊಕ್ಕೆವು. ಅಂಗಡಿಯಾತ ಸಣ್ಣ ಪ್ರಾಯದವನು, ಬಲು ಮರ್ಯಾದಸ್ಥ. "ಹಳೆಯ ಹಣ ಇದ್ರೆ ನೋಡಿ ಹೇಳ್ತೀರಾ?" ಎಂದು ಸುಮತಿ ಪೀಠಿಕೆ ಹಾಕಿದಳು.

"ನೋಡುವ ಅಮ್ಮ. ನಿಮಗೆ ಯಾವೂರಾಯ್ತು?"

ಸುಳ್ಳು ಹೇಳುವ ಅಭ್ಯಾಸವಿಲ್ಲದ ನಾನು ಊರ ಹೆಸರು ಹೇಳಿಬಿಟ್ಟೆ. ಆತನ ಮುಖ ಅರಳಿತು. "ಹೌದಾ! ನನ್ನ ಹೆಂಡತಿಯ ತವರು ಅಲ್ಲೇ! ಮಂದಿರದಲ್ಲಿ ಭಜನೆ ಹೇಳುವ ಗಿರಿಜಕ್ಕ ಗೊತ್ತುಂಟಲ್ಲ? ಅವರು ಇವಳಿಗೆ ಚಿಕ್ಕಮ್ಮ ಆಗ್ಬೇಕು. ನಿಲ್ಲಿ, ಅವಳನ್ನು ಕರೀತೇನೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಸುಮತಿ ಚೀಲವನ್ನು ಸೆರಗಿನೊಳಗೆ ಸೇರಿಸಿದಳು. "ಬೇಡ ಬೇಡ! ಸುಮ್ಮನೆ ಕೇಳಿದ್ದು. ನನ್ನ ಮೂಗುಬೊಟ್ಟಿನ ತಿರುಪು ಸಡಿಲ ಆಗಿದೆ, ಅಷ್ಟೇ." ಒಳ್ಳೆಯದಿದ್ದ ತಿರುಪನ್ನು ಆತ ಬಿಗಿ ಮಾಡಿಕೊಟ್ಟು ಕಾಸು ಬೇಡವೆಂದ. ಹೊರಡುವಾಗ ತಾನಾಗಿಯೇ, "ಹಳೆ ಹಣ ಕಟ್ಟುವ ಕೆಲಸ ಇದ್ರೆ ಮೂಡುಬಿದಿರೆಗೆ ಹೋಗಿ. ಬಸದಿಯ ಹತ್ತಿರದ ಓಣಿಯಲ್ಲಿ ಚಿನ್ನದ ಕೆಲಸದ ಒಬ್ಬರು ಆಚಾರ್ರು ಇದ್ದಾರೆ. ಈ ಕಡೆಯ ಹಳೆ ಹಣವೆಲ್ಲ ಅವರ ಕೈಯಲ್ಲಿ ಹಾದು ಹೋದದ್ದೇ" ಎಂದ.

ಹಾಗೆ ನಮ್ಮ ಪ್ರಯಾಣ ಉದ್ದವಾಯಿತು. ಗುರುವಾಯನಕೆರೆ, ವೇಣೂರು ಮಾರ್ಗವಾಗಿ ಮೂಡುಬಿದಿರೆಗೆ ಸಿಕ್ಕಿದ್ದು ಖಾಸಗಿ ಬಸ್ಸು. ಸುಮತಿ ಮರುಮಾತಿಲ್ಲದೆ ಹತ್ತಿದಳು. ಅವಳ ಆತಂಕದ ಅಳತೆ ನನಗೆ ಆಗ ಸಿಕ್ಕಿತು. ಬಸ್ಸಿನ ವೇಗಕ್ಕೆ ತಿರುವು ತಿರುವಿಗೂ ನಾವು ಒಬ್ಬರ ಮೇಲೊಬ್ಬರು ಬೀಳುತ್ತಿದ್ದೆವು. "ನಾಲ್ಕೂ ಖೋಟಾ ಆದ್ರೆ ಎಂತ ಮಾಡುವುದು?" ಎಂದು ಅವಳು ಕೇಳಿದಳು. "ಹೊಳೆಗೆ ಹಾಕುವ" ಎಂದೆ. "ಗಿರಿಜಕ್ಕ ಪದಕ ಎಲ್ಲಿ ಅಂತ ಕೇಳಿದ್ರೆ?"

ಮೂಡುಬಿದಿರೆಯಲ್ಲಿ ಪುನರ್ಪುಳಿ ಶರಬತ್ತು ಕುಡಿದು, ಸಾವಿರ ಕಂಬದ ಬಸದಿಗೆ ಹೊರಗಿನಿಂದಲೇ ಕೈಮುಗಿದು, ಓಣಿ ಹುಡುಕಿಕೊಂಡು ಹೋದೆವು. ಆಚಾರ್ರು ಅರುವತ್ತರ ಆಸುಪಾಸಿನ ದಪ್ಪ ಮನುಷ್ಯ, ಮಾತಿನ ಮಲ್ಲ. ಫ್ಯಾನಿನ ಕೆಳಗೆ ಕೂರಿಸಿ ಚಾ ತರಿಸಿದರು. ಡಬ್ಬಿ ತೆರೆದು, ನಾಲ್ಕು ಹಣವನ್ನೂ ಕೆಂಪು ಬಟ್ಟೆಯ ಮೇಲೆ ಸುರಿದು, ಭೂತಗನ್ನಡಿ ಹಿಡಿದರು. ಬಗ್ಗಿದವರು ಹಾಗೆಯೇ ನಗತೊಡಗಿದರು. ಅವರ ಹೊಟ್ಟೆ ಕುಣಿಯುವುದನ್ನು ನೋಡಿ ಸುಮತಿಗೆ ಅಳುವೇ ಬಂತು.

"ಇಲ್ಲಿ ಬನ್ನಿ ಅಮ್ಮ, ನೀವೇ ನೋಡಿ" ಎಂದು ಭೂತಗನ್ನಡಿ ಅವಳ ಕೈಗೆ ಕೊಟ್ಟರು. "ಹಿಂದಿನವರು ಒಂದೊಂದನ್ನೂ ಕೈಯಲ್ಲೇ ಬಡಿದು ಮಾಡಿದ್ದು. ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಈ ಎರಡು ನೋಡಿ. ಒಂದರ ಚುಕ್ಕಿ ಪಕ್ಕಕ್ಕೆ ಜಾರಿದೆ, ಇನ್ನೊಂದರ ಅಂಚು ಒಡೆದಿದೆ. ಇವು ಚಿನ್ನ. ಆ ಎರಡು ನೋಡಿ, ಅವಳಿ ಮಕ್ಕಳು. ಅದೇ ಗೆರೆ, ಅದೇ ಜಾಗದಲ್ಲಿ ಅದೇ ಕುಳಿ. ಅಚ್ಚಿನಲ್ಲಿ ತೆಗೆದ ನಕಲಿ." ಆಮೇಲೆ ಪುಟ್ಟ ತಕ್ಕಡಿಯಲ್ಲಿಟ್ಟು ತೋರಿಸಿದರು. ಅಗಲ, ದಪ್ಪ ಒಂದೇ ಆದರೂ ನಕಲಿಯ ತೂಕ ಅಸಲಿಯ ಹತ್ತಿರಕ್ಕೂ ಬರಲಿಲ್ಲ.

"ಒರೆಗಲ್ಲಿಗೆ ತಿಕ್ಕಿ ನೋಡುವುದಿಲ್ವಾ?" ಎಂದು ಕೇಳಿದೆ.

"ಎಷ್ಟು ಸಲ ತಿಕ್ಕುವುದು ಮಾರಾಯ್ರೆ? ಈ ಅಂಚು ಸವೆದದ್ದು ನೋಡಿ, ಎಲ್ಲ ನನ್ನ ಕೈಯ ಗುರುತೇ. ವರ್ಷಕ್ಕೊಮ್ಮೆ ನಿಮ್ಮೂರಿನ ಒಬ್ಬರು ಈ ಡಬ್ಬಿ ಹಿಡ್ಕೊಂಡು ಬರ್ತಾರೆ. ಓಲೆ ಮಾಡಿಸ್ಲಿಕ್ಕೆ ಅಂತ ಬಂದು, ಎರಡು ಖೋಟಾ ಅಂತ ಗೊತ್ತಾಗಿ, ಯಾರಿಗೂ ಹೇಳ್ಬೇಡಿ ಅಂತ ಕೈಮುಗಿದು ಹೋಗ್ತಾರೆ. ಹೀಗೆ ತಿಕ್ಕಿದ್ರೆ ದೇವರ ಚಿನ್ನವೇ ಮುಗಿದೀತು!"

ಸುಮತಿ ಬಾಯಿಬಿಟ್ಟು ಕೂತಳು. "ಹಾಗಾದ್ರೆ ಈ ವರ್ಷ ಒಪ್ಪಿಸಿದವರು..."

"ಹೆಸರು ನಾನು ಕೇಳುವುದಿಲ್ಲ, ಹೇಳುವುದೂ ಇಲ್ಲ. ಹೋದ ವರ್ಷ ಬಂದವರು ಹೇಳಿದ ಮಾತು ಮಾತ್ರ ಹೇಳ್ತೇನೆ. ಒಳ್ಳೆ ಎರಡನ್ನು ನೀವು ಇಟ್ಕೊಳ್ಳಿ, ಖೋಟಾ ಎರಡು ಹೊಳೆಗೆ ಬಿಸಾಡಿ ಅಂದೆ. ಅವರು ಒಪ್ಪಲಿಲ್ಲ. ನಾಲ್ಕು ಹಿಡಿದದ್ದು ಊರಿಗೆಲ್ಲ ಗೊತ್ತು, ಎರಡು ಕಾಣದಿದ್ರೆ ಹರಕೆ ಕೊಟ್ಟವರ ಮೇಲೆ ಮಾತು ಬರ್ತದೆ, ನಾಲ್ಕೂ ಒಟ್ಟಿಗೇ ಇರಲಿ ಅಂದ್ರು."

ಎಷ್ಟು ವರ್ಷದಿಂದ ಈ ಡಬ್ಬಿ ಮನೆಯಿಂದ ಮನೆಗೆ ಹೋಗುತ್ತಿದೆಯೋ ತಿಳಿಯದು. ಹಿಡಿದ ಯಾರೂ ಚಿನ್ನ ಉಳಿಸಿಕೊಳ್ಳಲಿಲ್ಲ, ಮೊದಲು ಕೊಟ್ಟವರು ಯಾರೆಂದು ಯಾರೂ ಕೆದಕಲಿಲ್ಲ. ಹೋದ ವರ್ಷದ ಏಲಂ ವೇಳೆಗೆ ನಾವು ಮಗಳ ಬಾಣಂತನಕ್ಕೆಂದು ಶಿವಮೊಗ್ಗದಲ್ಲಿದ್ದೆವು. ಹಾಗಾಗಿ ಗಿರಿಜಕ್ಕ ಇದನ್ನು ಹಿಡಿದದ್ದು ನಮಗೆ ತಿಳಿಯಲೇ ಇಲ್ಲ. ಸುಮತಿ ನಾಲ್ಕನ್ನೂ ಎಣಿಸಿ ಡಬ್ಬಿಗೆ ಹಾಕಿದಳು. "ಮೊಮ್ಮಗಳಿಗೆ ಬೇರೆ ಏನಾದರೂ ಮಾಡಿಸುವ" ಎಂದಳು. ಆಚಾರ್ರು ಚಾದ ದುಡ್ಡೂ ತೆಗೆದುಕೊಳ್ಳಲಿಲ್ಲ.

ಸಿದ್ಧಕಟ್ಟೆ ಮಾರ್ಗದ ಬಸ್ಸಿನಲ್ಲಿ ಮರಳಿದೆವು. ಸುಮತಿ ದಾರಿಯಲ್ಲಿ ಗೋಳಿಬಜೆ ತಿಂದಳು, ನನ್ನ ಪಾಲಿಗೂ ಕೈ ಹಾಕಿದಳು. ನಮ್ಮೂರಿನ ಸ್ಟಾಪಿನಲ್ಲಿ ಇಳಿಯುವಾಗ ಇನ್ನೂ ಬೆಳಕಿತ್ತು. ಅಲ್ಲಿ ಗಿರಿಜಕ್ಕ ನಿಂತಿದ್ದರು.

"ಬೆಳಿಗ್ಗೆ ಹೋದವರು ಈಗ ಬರುವುದಾ? ಎಲ್ಲಿಗೆ?"

"ಮೂಡುಬಿದಿರೆಗೆ, ಬಸದಿ ನೋಡ್ಲಿಕ್ಕೆ" ಎಂದಳು ಸುಮತಿ.

ಗಿರಿಜಕ್ಕನ ಮುಖ ಬಿಳಿಚಿತು. ಹತ್ತಿರ ಬಂದು, ತೀರಾ ಮೆಲ್ಲಗೆ, "ಆಚಾರ್ರು ಎಷ್ಟು ಅಂದ್ರು?" ಎಂದು ಕೇಳಿದರು.

"ಎರಡು ಚಿನ್ನ, ಎರಡು ಅಲ್ಲ."

"ಎರಡು ಉಂಟಲ್ಲ? ಸರಿಯಾಗಿ ಎರಡು?" ಸುಮತಿ ತಲೆಯಾಡಿಸಿದ್ದೇ, ಅವರು ಅವಳ ಎರಡೂ ಕೈ ಹಿಡಿದುಕೊಂಡರು. "ಬದುಕಿದೆ ಮಾರಾಯ್ತಿ! ಏಲಂ ಆದಂದಿನಿಂದ ನಿದ್ದೆ ಇಲ್ಲ ನನಗೆ. ಒಳ್ಳೆಯದನ್ನು ನಾನೇ ತೆಗೆದು ಹಿತ್ತಾಳೆ ಹಾಕಿದೆ ಅಂತ ನೀನು ಎಣಿಸಿದ್ರೆ ಅಂತ."

"ನನಗೊಂದು ಮಾತು ಮೊದಲೇ ಹೇಳ್ಬಾರ್ದಿತ್ತಾ ಗಿರಿಜಕ್ಕ?"

"ಹೇಗೆ ಹೇಳುವುದು? ಹೇಳಿದ್ರೆ ನನಗಿಂತ ಮೊದಲು ಒಪ್ಪಿಸಿದವರ ಹೆಸರು ಹೇಳಿದ ಹಾಗೆ ಆಗ್ತದಲ್ಲ?"

ಇಬ್ಬರೂ ಕಣ್ಣೊರೆಸಿಕೊಂಡು ನಗುತ್ತ ಮುಂದೆ ನಡೆದರು. ಚೀಲ ಹೊತ್ತು ಹಿಂದೆ ಹೋಗುತ್ತಿದ್ದ ನನಗೆ ಒಂದು ಉಪಾಯ ಹೊಳೆಯಿತು. ಮುಂದಿನ ವರ್ಷ ಇದನ್ನು ಹಿಡಿದವರಿಗೆ ನಮ್ಮ ಹಾಗೆ ಬೆಳ್ತಂಗಡಿ ಸುತ್ತುವ ಕಷ್ಟ ಬೇಡ, ವಿಷಯವನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗೆ ಇಡುವ ಎಂದೆ.

ಗಿರಿಜಕ್ಕ ನಿಂತು ತಿರುಗಿದರು. "ಬೇಡ ಮಾರಾಯ್ರೆ. ಚೀಟಿ ಓದಿದವರು ಊರಿಗೆಲ್ಲ ಹೇಳ್ತಾರೆ, ಹೋಗಿ ಬಂದವರು ಹೇಳುವುದಿಲ್ಲ. ಅವರವರೇ ಹೋಗಿ ಬರಲಿ."